ಟೀಚರ್ ತಲೆ ಬಾಚಿದವರು ಯಾರು

ಶವವನ್ನು ಮೊದಲು ಕಂಡವಳು ಕಸ ಒಯ್ಯುವ ಹೆಂಗಸು.

ಲಿಫ್ಟ್ ಬಂದ ಮೇಲೆ ಆ ಕಟ್ಟಡದ ಹಿಂದಿನ ಮೆಟ್ಟಿಲನ್ನು ಯಾರೂ ಬಳಸುತ್ತಿರಲಿಲ್ಲ. ಮುರಿದ ಕುರ್ಚಿ, ಹಳೆಯ ಸೈಕಲ್ಲು, ಒಣಗಿದ ಗಿಡದ ಕುಂಡಗಳು ಅಲ್ಲಿ ಬಿದ್ದಿದ್ದವು. ಬೆಳಿಗ್ಗೆ ಕಸದ ಬುಟ್ಟಿ ಎಳೆಯಲು ಬಂದವಳಿಗೆ ಕೆಳಗಿನ ಮೆಟ್ಟಿಲ ಬುಡದಲ್ಲಿ ಎರಡು ಪಾದ ಕಂಡವು. ಯಾರೋ ಕುಡಿದು ಬಿದ್ದಿದ್ದಾರೆ ಎಂದುಕೊಂಡಳು. ಹತ್ತಿರ ಹೋದಳು. ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು.

ಇನ್‌ಸ್ಪೆಕ್ಟರ್ ಬಂದಾಗ ನಾಲ್ಕೂ ಮಹಡಿಯವರು ಅಂಗಳದಲ್ಲಿ ಗುಂಪುಗೂಡಿದ್ದರು. ಆಕೆ ಗುಂಪನ್ನು ಸರಿಸಿ ಒಳಗೆ ಹೋದರು. ಹಿಂದೆಯೇ ಹೆಡ್ ಕಾನ್‌ಸ್ಟೇಬಲ್.

ಸತ್ತವಳಿಗೆ ನಲವತ್ತರ ಹತ್ತಿರದ ವಯಸ್ಸು. ಅಂಗಾತ ಬಿದ್ದಿದ್ದಳು. ತಲೆಯ ಹಿಂಭಾಗ ಕೊನೆಯ ಮೆಟ್ಟಿಲ ಅಂಚಿಗೆ ಬಡಿದಿತ್ತು. ಕೆಳಗೆ ರಕ್ತ ಹೆಪ್ಪುಗಟ್ಟಿತ್ತು. ಒಂದು ಚಪ್ಪಲಿ ಮೇಲಿನ ತಿರುವಿನಲ್ಲಿ, ಇನ್ನೊಂದು ಕಾಲಿನಲ್ಲೇ.

"ಇದೇ ಕಟ್ಟಡದ ಮೂರನೇ ಮಹಡಿ ಮೇಡಂ," ಕಾನ್‌ಸ್ಟೇಬಲ್ ಹೇಳಿದ. "ಪ್ರೈಮರಿ ಸ್ಕೂಲ್ ಟೀಚರ್. ಎಲ್ರೂ ಟೀಚರ್ ಅಂತಾನೇ ಕರೀತಾರೆ. ಮಕ್ಕಳಿಲ್ಲ. ಗಂಡ ಇದಾನೆ."

ಇನ್‌ಸ್ಪೆಕ್ಟರ್ ಮಂಡಿಯೂರಿ ಕೂತರು. ಅವರ ಕಣ್ಣು ಕೂದಲ ಮೇಲೆ ನಿಂತಿತು. ಅಷ್ಟು ಎತ್ತರದಿಂದ ಉರುಳಿ ಬಿದ್ದವಳ ತಲೆ ಕೆದರಿರಲಿಲ್ಲ. ಹಣೆಯ ಬಳಿ ಬೈತಲೆ ನೇರವಾಗಿತ್ತು. ಇಕ್ಕೆಲದ, ಹಿಂಭಾಗದ ಕೂದಲನ್ನು ಮೇಲೆತ್ತಿ ನೆತ್ತಿಯ ಮೇಲೆ ಹರಡಿ ಬಾಚಲಾಗಿತ್ತು. ಮದುವೆ ಮನೆಗೆ ಹೊರಟವಳ ಹಾಗೆ.

"ಸಿಂಗಾರ ಮಾಡ್ಕೊಂಡು ಸಾಯೋಕೆ ಬಂದಿದಾಳೆ ಪಾಪ," ಎಂದ ಕಾನ್‌ಸ್ಟೇಬಲ್. "ಅಂಥೋರು ಇರ್ತಾರೆ ಮೇಡಂ. ಹೋಗುವಾಗ ಅಚ್ಚುಕಟ್ಟಾಗಿ ಹೋಗ್ಬೇಕು ಅಂತ."

ಗುಂಪಿನಲ್ಲಿದ್ದ ಪಕ್ಕದ ಮನೆಯ ಮುದುಕಿ ಬಗ್ಗಿ ನೋಡಿ ಬೆಚ್ಚಿದಳು.

"ಬಟ್ಟೆ ಎಲ್ಲಿ?"

"ಯಾವ ಬಟ್ಟೆ ಅಜ್ಜಿ?"

"ತಲೆಗೆ ಕಟ್ಕೊಳ್ಳೋ ಬಟ್ಟೆ. ಅದಿಲ್ದೆ ಅವಳು ಬಾಗಿಲು ದಾಟಿದ್ದನ್ನ ನಾನು ನೋಡಿಲ್ಲ. ಆರು ತಿಂಗಳಿಂದ ಅವಳ ತಲೆ ಯಾರೂ ಕಂಡಿಲ್ಲ."

* * *

ಗಂಡ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಸೋಫಾದ ತುದಿಯಲ್ಲಿ ಕೂತಿದ್ದ. ಕಣ್ಣು ಕೆಂಪಾಗಿತ್ತು, ಆದರೆ ಅತ್ತಂತಿರಲಿಲ್ಲ.

"ನಿನ್ನೆ ಸಂಜೆ ಎಲ್ಲಿದ್ರಿ?"

"ಡ್ಯೂಟಿ."

"ರಾತ್ರಿ ಬಂದಾಗ ಹೆಂಡತಿ ಇಲ್ಲ ಅಂತ ಗೊತ್ತಾಗ್ಲಿಲ್ವಾ?"

ಆತ ನೆಲ ನೋಡಿದ. "ನಾವು ಬೇರೆ ಬೇರೆ ಕೋಣೇಲಿ ಮಲಗ್ತೀವಿ. ಅವಳ ಬಾಗಿಲು ಹಾಕಿತ್ತು. ಒಳಗಿದಾಳೆ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಆ ಕೋಣೆಯೊಳಗೆ ಹೋದರು. ಮಕ್ಕಳ ಉತ್ತರಪತ್ರಿಕೆಗಳ ಕಟ್ಟು. ಮಂಚದ ಮೇಲೆ ಮೆತ್ತನೆ ಹತ್ತಿಯ ಹಳೆಯ ಬಟ್ಟೆಗಳು, ಒಗೆದು ಮಡಿಸಿದವು. ಬೀರುವಿನ ಕನ್ನಡಿಗೆ ವೃತ್ತಪತ್ರಿಕೆ ಅಂಟಿಸಿತ್ತು. ಬಚ್ಚಲಿನ ಕನ್ನಡಿಗೂ ಅಷ್ಟೇ. ಗಂಡ ಗಡ್ಡ ಹೆರೆದುಕೊಳ್ಳುವಷ್ಟು ಜಾಗ ಮಾತ್ರ ಬಿಟ್ಟಿತ್ತು. ಡ್ರಾಯರುಗಳನ್ನೆಲ್ಲ ಎಳೆದು ನೋಡಿದರು. ಬಾಚಣಿಗೆ ಇಲ್ಲ. ಪಿನ್ನು, ಕ್ಲಿಪ್ಪು, ರಬ್ಬರ್ ಬ್ಯಾಂಡು, ಒಂದೂ ಇಲ್ಲ. ಗಂಡನ ಕೋಣೆಯಲ್ಲಿ ಒಂದು ಗಂಡಸರ ಬಾಚಣಿಗೆ ಇತ್ತು. ಅದರ ಹಲ್ಲಿನಲ್ಲಿ ಧೂಳು, ಎರಡು ನರೆಗೂದಲು. ಅಷ್ಟೇ.

"ಹೆಂಡತಿ ಬಾಚಣಿಗೆ ಎಲ್ಲಿ?"

"ಎಸೆದುಬಿಟ್ಲು. ತುಂಬ ದಿನ ಆಯ್ತು. ಬಾಚಿದ್ರೆ ಉರಿಯುತ್ತೆ ಅಂತಿದ್ಲು. ಅವಳ ಕೂದಲು ಹೇಗಿತ್ತು ಗೊತ್ತಾ ಮೇಡಂ? ಸೊಂಟದವರೆಗೆ. ಆ ಪಾರ್ಲರಿನವಳು ಹಾಳು ಮಾಡಿದ್ಲು. ನೇರ ಮಾಡ್ತೀನಿ ಅಂತ ಏನೋ ಹಚ್ಚಿದ್ಲು. ನೆತ್ತಿ ಸುಟ್ಟುಹೋಯ್ತು. ಆಸ್ಪತ್ರೆಯವರೇ ಸುಟ್ಟ ಗಾಯ ಅಂತ ಬರೆದುಕೊಟ್ಟಿದಾರೆ. ದೂರು ಕೊಟ್ಟಿದೀವಿ. ಇವತ್ತು ಅವಳ ಅಂಗಡಿಗೆ ಬೀಗ ಹಾಕೋಕೆ ಅಧಿಕಾರಿಗಳು ಬರಬೇಕಿತ್ತು."

"ಪಾರ್ಲರಿನವಳು ಯಾರು?"

"ಇವಳ ಗೆಳತಿ. ಚಿಕ್ಕಂದಿನಿಂದ ಒಂದೇ ಬೆಂಚು. ಗುಬ್ಬಿ, ಗುಬ್ಬಿ ಅಂತ ಪ್ರಾಣ ಬಿಡ್ತಿದ್ಲು."

ಹೊರಗೆ ಬಂದಾಗ ಕಾನ್‌ಸ್ಟೇಬಲ್ ಕಾರ್ಖಾನೆಗೆ ಫೋನ್ ಮಾಡಿ ಮುಗಿಸಿದ್ದ.

"ನಿನ್ನೆ ಇವನು ಮಧ್ಯಾಹ್ನವೇ ರಜೆ ಹಾಕಿ ಹೋಗಿದಾನೆ ಮೇಡಂ. ಡ್ಯೂಟಿ ಅಂದಿದ್ದು ಹಸಿ ಸುಳ್ಳು."

* * *

ಪಾರ್ಲರು ಪುಟ್ಟದು. ಎರಡು ಕುರ್ಚಿ, ಎರಡು ಕನ್ನಡಿ. ಗಾಜಿನ ಜಾಡಿಯೊಳಗೆ ಔಷಧದ ನೀರಿನಲ್ಲಿ ಬಾಚಣಿಗೆಗಳು ಮುಳುಗಿದ್ದವು. ಬಾಗಿಲಿಗೆ ನೋಟಿಸು ಅಂಟಿತ್ತು. ಗುಬ್ಬಿ ಎನ್ನಿಸಿಕೊಂಡವಳು ಹೆಸರಿಗೆ ತಕ್ಕಂತೆ ಸಣ್ಣಗಿದ್ದಳು, ಚುರುಕಾಗಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು. ಅತ್ತು ಅತ್ತು ಮುಖ ಊದಿತ್ತು.

"ಕೂತ್ಕೊಳ್ಳಿ ಮೇಡಂ," ಎಂದಳು. ಗಿರಾಕಿ ಕುರ್ಚಿಯನ್ನೇ ತಿರುಗಿಸಿಕೊಟ್ಟಳು.

"ಕೊನೆ ಸಲ ಟೀಚರನ್ನ ನೋಡಿದ್ದು ಯಾವಾಗ?"

"ಆರು ತಿಂಗಳಾಯ್ತು. ನೆತ್ತಿ ಮೇಲೆ ನಾಣ್ಯದಷ್ಟು ಜಾಗ ಬೋಳಾಗಿದೆ ಅಂತ ಬಂದು ಜಗಳ ಆಡಿದ್ಲು. ನನ್ನ ಕೈಯಿಂದ ಆಗಿದ್ದಲ್ಲ ಕಣೇ ಅಂದೆ. ಕೇಳ್ಲಿಲ್ಲ. ಆಮೇಲೆ ಮುಖ ನೋಡಿಲ್ಲ, ಮಾತಿಲ್ಲ."

"ನಿಮ್ಮಿಂದ ಆಗಿದ್ದಲ್ವಾ?"

"ಅದೇ ಡಬ್ಬದ ಕ್ರೀಮು ಎಷ್ಟು ಜನಕ್ಕೆ ಹಚ್ಚಿದೀನಿ. ಯಾರಿಗೂ ಏನೂ ಆಗಿಲ್ಲ. ಆದ್ರೆ ಆಸ್ಪತ್ರೆ ಕಾಗದ ಇದ್ಯಲ್ಲ. ಅದರ ಮುಂದೆ ನನ್ನ ಮಾತು ಯಾವ ಲೆಕ್ಕ. ಊರಿಗೆಲ್ಲ ನಾನು ತಲೆ ಸುಡೋಳು. ಇದೊಂದು ಅಂಗಡಿ ಬಿಟ್ರೆ ನಂಗೇನಿದೆ ಮೇಡಂ? ಹಾಸಿಗೆ ಹಿಡಿದ ಅಮ್ಮ, ನಾನು."

"ಟೀಚರ್ ಜೀವ ತೆಗೆದುಕೊಳ್ಳೋ ಅಂಥವಳಾ?"

ಗುಬ್ಬಿ ಮೂಗು ಒರೆಸಿಕೊಂಡಳು.

"ಅವಳ ಜೀವ ಇದ್ದದ್ದೇ ಕೂದಲಲ್ಲಿ. ಈಗ ನೆತ್ತಿ ಮೇಲೆ ಅಂಗೈ ಅಗಲ ಹೋಗಿಬಿಟ್ಟಿದೆ. ಪಿಂಗಾಣಿ ಹಾಗೆ ನುಣ್ಣಗೆ. ಒಂದು ತೂತು ಸಹ ಇಲ್ಲ. ಅಂಥ ಚರ್ಮದಲ್ಲಿ ಮತ್ತೆ ಕೂದಲು ಹುಟ್ಟುತ್ತಾ? ಅದು ಗೊತ್ತಾದ ಮೇಲೆ ಯಾವ ಹೆಂಗಸು ಬದುಕ್ತಾಳೆ ಹೇಳಿ."

ಇನ್‌ಸ್ಪೆಕ್ಟರ್ ತಲೆಯಾಡಿಸಿ ಎದ್ದರು. ಬೀದಿಗೆ ಬಂದ ಮೇಲೆ ಕಾನ್‌ಸ್ಟೇಬಲ್ ತನ್ನ ಟೋಪಿ ತೆಗೆದು ಬೋಳು ತಲೆ ಸವರಿಕೊಂಡ.

"ಹಂಗಂದ್ರೆ ನಾನು ಇಪ್ಪತ್ತು ವರ್ಷದ ಹಿಂದೇನೇ ಸಾಯ್ಬೇಕಿತ್ತು."

"ನೀನು ಗಂಡಸು. ನಿನ್ನ ತಲೆ ಯಾರು ನೋಡ್ತಾರೆ?"

"ಹೆಂಡತಿನೂ ನೋಡಲ್ಲ ಮೇಡಂ. ಅದೇ ಉಳಿಸಿದ್ದು."

* * *

ಶವಪರೀಕ್ಷೆ ಮಾಡಿದ ಡಾಕ್ಟರ್ ಮಿತಭಾಷಿ. ಕೈಗವಸು ಬಿಚ್ಚುತ್ತಲೇ ಮಾತಾಡಿದ.

"ನಿನ್ನೆ ಸಂಜೆ ಬಿದ್ದ ಪೆಟ್ಟಿನಿಂದಲೇ ಸಾವು. ಆದ್ರೆ ಕೂಡಲೇ ಅಲ್ಲ. ಬಿದ್ದ ಮೇಲೂ ಸಾಕಷ್ಟು ಹೊತ್ತು ಉಸಿರಾಡಿದಾಳೆ. ಯಾರಾದ್ರೂ ಆಸ್ಪತ್ರೆಗೆ ತಂದಿದ್ರೆ ಬದುಕ್ತಿದ್ಲೇನೋ. ತೋಳಿನ ಮೇಲೆ ಬೆರಳಿನ ಗುರುತಿದೆ. ಯಾರೋ ಬಿಗಿಯಾಗಿ ಹಿಡಿದಿದಾರೆ."

"ತಳ್ಳಿದಾರೆ."

"ಅದು ನಿಮ್ಮ ಕೆಲಸ. ನಂಗೆ ವಿಚಿತ್ರ ಅನಿಸಿದ್ದು ಇದು. ಬನ್ನಿ."

ಆತ ಬಿಳಿ ಬಟ್ಟೆ ಸರಿಸಿ, ನೆತ್ತಿಯ ಮೇಲೆ ಹರಡಿದ್ದ ಕೂದಲನ್ನು ಇಕ್ಕಳದಿಂದ ಎತ್ತಿ ತೋರಿಸಿದ. ಒಳಗೆ ಬೋಳು ಚರ್ಮ ಹೊಳೆಯಿತು. ಅದರ ಮೇಲೆ ಒಣಗಿದ ರಕ್ತದ ಗೆರೆಗಳು. ತೆಳ್ಳಗೆ, ಒಂದರ ಪಕ್ಕ ಒಂದು, ಉತ್ತ ಹೊಲದ ಸಾಲಿನ ಹಾಗೆ.

"ಗಾಯ ಇರೋದು ಹಿಂದೆ. ನೆತ್ತಿ ಮೇಲೆ ಗಾಯವಿಲ್ಲ. ಹಾಗಾದ್ರೆ ಇಲ್ಲಿಗೆ ರಕ್ತ ಹೇಗೆ ಬಂತು?"

ಇನ್‌ಸ್ಪೆಕ್ಟರ್ ಬಗ್ಗಿ ಆ ಗೆರೆಗಳನ್ನು ನೋಡಿದರು.

"ಬಾಚಣಿಗೆ," ಎಂದರು.

"ಹೌದು. ರಕ್ತ ಇನ್ನೂ ಹಸಿ ಇದ್ದಾಗ, ಹಿಂದಿನ ಕೂದಲನ್ನ ಮುಂದಕ್ಕೆ ಎಳೆದು ಬಾಚಿದಾರೆ. ಬಿದ್ದ ಮೇಲೆ. ಬಹುಶಃ ಉಸಿರಿರುವಾಗಲೇ. ಇಲ್ನೋಡಿ, ಮೂರು ಪಿನ್ನು ಬೇರೆ." ಆತ ತಟ್ಟೆಯಲ್ಲಿ ಇಟ್ಟಿದ್ದ ಸಣ್ಣ ಕಪ್ಪು ಪಿನ್ನುಗಳನ್ನು ತೋರಿಸಿದ. "ಹೊರಗೆ ಕಾಣದ ಹಾಗೆ ಕೂದಲೊಳಗೆ ತೂರಿಸಿದ್ರು. ತೆಗೆಯೋಕೆ ನಾನೇ ಪರದಾಡಿದೆ."

ವಾಪಸು ಬರುವಾಗ ಜೀಪಿನಲ್ಲಿ ಕಾನ್‌ಸ್ಟೇಬಲ್ ಕೇಳಿದ. "ಕೊಲ್ಲೋಕೆ ಬಂದವರು ತಲೆ ಯಾಕೆ ಬಾಚ್ತಾರೆ ಮೇಡಂ? ವೈರಿ ಮಾಡೋ ಕೆಲಸ ಅಲ್ಲ. ಒಳಗಿನೋರೇ. ಗಂಡನೇ."

"ಗಂಡನನ್ನ ಕರೆಸು."

* * *

ಗಂಡ ಠಾಣೆಯಲ್ಲಿ ಬಹಳ ಹೊತ್ತು ಹಠ ಹಿಡಿದ. ಆಮೇಲೆ ಕುಸಿದ.

"ಅಕ್ಕನ ಮನೇಲಿದ್ದೆ," ಎಂದ. "ಮಧ್ಯಾಹ್ನದಿಂದ ರಾತ್ರಿ ಊಟದವರೆಗೂ."

"ಅದನ್ನ ಯಾಕೆ ಮುಚ್ಚಿಟ್ರಿ?"

"ಅಕ್ಕ, ಭಾವ ಇಬ್ರೂ ಇದ್ರು. ಇವಳನ್ನ ಬಿಟ್ಟುಬಿಡೋ ಮಾತು ನಡೀತಿತ್ತು. ಬೆಳಿಗ್ಗೆ ಎದ್ದು ಅವಳ ಮುಖ ನೋಡೋಕೆ ಆಗ್ತಿರ್ಲಿಲ್ಲ ಮೇಡಂ. ಬಟ್ಟೆ ಕಟ್ಕೊಂಡು ಓಡಾಡೋ ಹೆಂಗಸು. ರೋಗಿಷ್ಠೆ ಥರ. ಅವಳು ಅಲ್ಲಿ ಬಿದ್ದು ಸಾಯ್ತಿರುವಾಗ ನಾನು ಅವಳನ್ನ ಹೇಗೆ ಕಳಚಿಕೊಳ್ಳೋದು ಅಂತ ಲೆಕ್ಕ ಹಾಕ್ತಿದ್ದೆ. ಇದನ್ನ ಹೇಗೆ ಹೇಳ್ಲಿ?"

"ಅವಳ ನೆತ್ತಿ ಈಗ ಹೇಗಿತ್ತು ಅಂತ ನಿಮಗೆ ಗೊತ್ತಾ? ಬೋಳಾದ ಜಾಗ ಎಷ್ಟಿತ್ತು?"

"ಗೊತ್ತಿಲ್ಲ. ಮೊದಲು ನಾಣ್ಯದಷ್ಟಿತ್ತು. ಆಮೇಲೆ ತೋರಿಸಲೇ ಇಲ್ಲ. ನಾನೂ ಕೇಳ್ಲಿಲ್ಲ."

ಅಕ್ಕ, ಭಾವ, ಅವರ ಪಕ್ಕದ ಮನೆಯವರು ಎಲ್ಲರೂ ಒಂದೇ ಮಾತು ಹೇಳಿದರು. ಆತ ಅಲ್ಲಿಂದ ಕದಲಿರಲಿಲ್ಲ.

"ಕಟುಕ ಅಲ್ಲ, ಕೈಲಾಗದವನು," ಎಂದು ಕಾನ್‌ಸ್ಟೇಬಲ್ ಗೊಣಗಿದ. "ಈಗೆಲ್ಲಿಗೆ ಮೇಡಂ?"

"ಆಸ್ಪತ್ರೆಗೆ. ಟೀಚರ್ ಜೀವ ಕೂದಲಲ್ಲಿತ್ತು ಅಂತಾರೆ. ಆ ಕೂದಲಿಗೆ ಏನಾಗಿತ್ತು ಅಂತ ನಾವು ಯಾರನ್ನೂ ಕೇಳಲೇ ಇಲ್ಲ."

* * *

ಚರ್ಮರೋಗದ ಡಾಕ್ಟರಮ್ಮನಿಗೆ ಸಾವಿನ ಸುದ್ದಿ ತಿಳಿದಿರಲಿಲ್ಲ. ಕೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಕಾಯುತ್ತಿದ್ದ ರೋಗಿಗಳನ್ನು ಇನ್ನೊಬ್ಬರ ಕೋಣೆಗೆ ಕಳಿಸಿದರು.

"ನಿನ್ನೆ ಮಧ್ಯಾಹ್ನ ಇದೇ ಕುರ್ಚಿಯಲ್ಲಿ ಕೂತಿದ್ರು," ಎಂದರು.

"ಜೀವ ಬೇಡ ಅನ್ನೋ ಹಾಗಿದ್ರಾ?"

"ಅತ್ತರು. ಆದ್ರೆ ಎದ್ದು ಹೋಗುವಾಗ ಹೆಗಲಿಂದ ಹೊರೆ ಇಳಿಸಿದವರ ಹಾಗೆ ಹೋದ್ರು." ಡಾಕ್ಟರಮ್ಮ ಕಂಪ್ಯೂಟರಿನ ಪರದೆ ತಿರುಗಿಸಿದರು. "ನೋಡಿ. ಪ್ರತಿ ಸಲ ಬಂದಾಗಲೂ ಫೋಟೋ ತೆಗೀತೀವಿ. ಇದು ಆರು ತಿಂಗಳ ಹಿಂದೆ."

ನೆತ್ತಿಯ ಮೇಲೆ ನಾಣ್ಯದಷ್ಟು ಬೋಳು.

"ಇದು ಹೋದ ವಾರ."

ಅಂಗೈಯಷ್ಟು. ಅಂಚಿನಲ್ಲಿ ಕೆಂಪು. ಉಳಿದ ಕೂದಲಿನ ಬುಡದಲ್ಲಿ ಬಿಳಿ ಹೊಟ್ಟು. ನಡುವೆ ಚರ್ಮ ನಯವಾಗಿ ಮಿನುಗುತ್ತಿತ್ತು.

"ಸಾಮಾನ್ಯವಾಗಿ ಕೂದಲು ಉದುರಿದ್ರೆ ಕೂದಲು ಹುಟ್ಟೋ ರಂಧ್ರ ಹಾಗೇ ಇರುತ್ತೆ. ಮನೆಯವರು ಹೊರಗೆ ಹೋಗಿದಾರೆ, ಬಾಗಿಲು ತೆರೆದಿದೆ ಅಂದ್ಕೊಳ್ಳಿ. ಇಲ್ಲಿ ಬಾಗಿಲೇ ಮುಚ್ಚಿಹೋಗಿದೆ. ನಮ್ಮ ದೇಹದ ರಕ್ಷಣಾ ಪಡೆ ಕೂದಲ ಬುಡವನ್ನೇ ಶತ್ರು ಅಂತ ಹೊಡೆದು ಹಾಕುತ್ತೆ. ಆಮೇಲೆ ಆ ಜಾಗದಲ್ಲಿ ಗಾಯದ ಕಲೆ ಮಾತ್ರ ಉಳಿಯುತ್ತೆ. ಹೋದದ್ದು ಹೋಯ್ತು. ಔಷಧ ಕೊಟ್ಟು, ಹರಡದ ಹಾಗೆ ತಡೀಬಹುದು ಅಷ್ಟೇ."

"ಖಚಿತವಾಗಿ ಹೇಗೆ ಗೊತ್ತಾಯ್ತು?"

"ಬರೀ ಕಣ್ಣಲ್ಲಿ ನೋಡಿ ಹೇಳಬಾರದು. ಅಂಚಿನಿಂದ, ಎಲ್ಲಿ ರೋಗ ಇನ್ನೂ ಚುರುಕಾಗಿದೆಯೋ ಅಲ್ಲಿಂದ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದೆ. ನಡುವಿನಿಂದ ತೆಗೆದ್ರೆ ಬರೀ ಕಲೆ ಸಿಗುತ್ತೆ, ಯಾಕೆ ಆಯ್ತು ಅಂತ ಗೊತ್ತಾಗಲ್ಲ. ನಿನ್ನೆ ಬೆಳಿಗ್ಗೆ ವರದಿ ಬಂತು. ಅನುಮಾನಕ್ಕೆ ಜಾಗವಿಲ್ಲ. ಸುಟ್ಟ ಗುರುತು ಒಂದಿಷ್ಟೂ ಇಲ್ಲ. ಯಾರೂ ಏನೂ ಮಾಡಿದ್ದಲ್ಲ ಮೇಡಂ. ರೋಗ."

ಇನ್‌ಸ್ಪೆಕ್ಟರ್ ಮುಂದಕ್ಕೆ ಬಾಗಿದರು. "ಆದ್ರೆ ನಿಮ್ಮ ಆಸ್ಪತ್ರೆಯೇ ಸುಟ್ಟ ಗಾಯ ಅಂತ ಬರೆದುಕೊಟ್ಟಿದೆ."

ಡಾಕ್ಟರಮ್ಮ ಎದ್ದು, ಅವರನ್ನು ಕೆಳಗಿನ ದಾಖಲೆ ವಿಭಾಗಕ್ಕೆ ಕರೆದೊಯ್ದರು.

ಅಲ್ಲಿ ಸಾಲಾಗಿ ಕಂಪ್ಯೂಟರುಗಳು. ಡಾಕ್ಟರುಗಳು ಬರೆದ ರೋಗದ ಹೆಸರನ್ನು ಅಕ್ಷರ ಮತ್ತು ಅಂಕಿಯ ಕೋಡಿಗೆ ಇಳಿಸುವುದು ಅಲ್ಲಿಯವರ ಕೆಲಸ. ವಿಮೆಗೂ ಸರಕಾರಕ್ಕೂ ಹೋಗುವುದು ಆ ಕೋಡೇ. ಟೀಚರ್ ಚೀಟಿಗೆ ಕೋಡು ಹಾಕಿದವನು ದಪ್ಪ ಕನ್ನಡಕದ ಮನುಷ್ಯ. ಪೊಲೀಸರನ್ನು ಕಂಡು ಕುರ್ಚಿಯಿಂದ ಅರ್ಧ ಎದ್ದ.

"ಡ್ಯೂಟಿ ಡಾಕ್ಟರ್ ಬರೆದದ್ದಕ್ಕೆ ಕೋಡ್ ಹಾಕಿದೀನಿ," ಎಂದ. "ಟಿ ಇಪ್ಪತ್ತರ ಸಾಲು. ತಲೆಗೆ ರಾಸಾಯನಿಕ ಸುಟ್ಟ ಗಾಯ."

"ಅವರು ಬರೆದದ್ದನ್ನ ತೋರಿಸಿ," ಎಂದರು ಡಾಕ್ಟರಮ್ಮ.

ಹಳೆಯ ಚೀಟಿ ಪರದೆಯ ಮೇಲೆ ಬಂತು. ಗೀಚಿದ ಅಕ್ಷರ. ರಾಸಾಯನಿಕದಿಂದ ಸುಟ್ಟ ಗಾಯ. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ.

"ರೋಗಿ ಪಾರ್ಲರಿನ ಕಥೆ ಹೇಳಿದ್ರು, ಡ್ಯೂಟಿ ಡಾಕ್ಟರ್ ಸುಟ್ಟದ್ದೂ ಇರಬಹುದು ಅಂತ ಬರೆದ್ರು," ಡಾಕ್ಟರಮ್ಮನ ದನಿ ಒಣಗಿತ್ತು. "ಅನುಮಾನವನ್ನ ರೋಗ ಅಂತ ದಾಖಲು ಮಾಡೋ ಹಾಗಿಲ್ಲ. ಖಚಿತ ಆಗೋವರೆಗೆ ಕಂಡದ್ದಕ್ಕೆ ಮಾತ್ರ ಕೋಡ್ ಹಾಕಬೇಕು. ಕೂದಲು ಉದುರಿದೆ, ಕಾರಣ ಗೊತ್ತಿಲ್ಲ, ಅಷ್ಟೇ. ಇವರು ಚಿಹ್ನೆ ಬಿಟ್ಟು ಉಳಿದದ್ದನ್ನ ತಗೊಂಡ್ರು. ಅಲ್ಲಿಗೆ ಅದು ಸರಕಾರಿ ಸತ್ಯ ಆಯ್ತು. ನಾನೂ ಆರು ತಿಂಗಳು ಹಳೆ ಕೋಡ್ ತೆಗೆದು ನೋಡಲಿಲ್ಲ. ನಿನ್ನೆ ನಾನೇ ಇಳಿದು ಬಂದು ಬದಲಾಯಿಸಿದೆ. ಎಲ್ ಅರವತ್ತಾರು ಪಾಯಿಂಟ್ ಒಂದು. ಕಲೆ ಉಳಿಸೋ ಕೂದಲ ರೋಗ."

"ದಿನಕ್ಕೆ ನೂರಾರು ಚೀಟಿ ಬರುತ್ತೆ," ಎಂದ ಆ ಮನುಷ್ಯ, ಯಾರ ಮುಖವನ್ನೂ ನೋಡದೆ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ," ಕಾನ್‌ಸ್ಟೇಬಲ್ ಮೆಲ್ಲಗೆ ಹೇಳಿದ. "ಕೂದಲಿಲ್ಲದ ತಲೆಗೆ ಕೋಡು ಬಂತು."

ಯಾರೂ ನಗಲಿಲ್ಲ.

ಮೆಟ್ಟಿಲು ಹತ್ತುವಾಗ ಇನ್‌ಸ್ಪೆಕ್ಟರ್ ಕೇಳಿದರು. "ಈ ರೋಗದಲ್ಲಿ ನೋವಿರುತ್ತಾ?"

"ಉರಿ. ಮುಟ್ಟಿದ್ರೆ ಕೆಂಡ ಇಟ್ಟ ಹಾಗೆ. ಬಾಚಣಿಗೆ ತಾಕಿಸೋಕೂ ಆಗ್ತಿರ್ಲಿಲ್ಲ ಅವರಿಗೆ. ಅದಕ್ಕೇ ಮೆತ್ತನೆ ಬಟ್ಟೆ."

"ನಿನ್ನೆ ನೀವು ಹೇಳಿದ ಮೇಲೆ ಏನಂದ್ರು?"

ಡಾಕ್ಟರಮ್ಮ ನಿಂತರು. "ವರದಿಯ ಪ್ರತಿ ಒಂದನ್ನ ಕೇಳಿ ಇಸ್ಕೊಂಡ್ರು. ನನ್ನ ಗೆಳತಿ ಒಬ್ಬಳಿದಾಳೆ, ಅವಳ ಬಾಳು ಹಾಳು ಮಾಡಿಬಿಟ್ಟೆ, ಫೋನಲ್ಲಿ ಹೇಳೋ ಮಾತಲ್ಲ, ಇವತ್ತೇ ಹೋಗಿ ಕಾಲು ಹಿಡ್ಕೋತೀನಿ ಅಂದ್ರು."

ಶವದ ಬಳಿ ಯಾವ ಕಾಗದವೂ ಸಿಕ್ಕಿರಲಿಲ್ಲ. ಮನೆಯಲ್ಲೂ ಇರಲಿಲ್ಲ.

ಇನ್‌ಸ್ಪೆಕ್ಟರ್ ಡಾಕ್ಟರಮ್ಮನ ಕಡೆ ತಿರುಗಿದರು. "ಆ ವರದಿಯ ಇನ್ನೊಂದು ಪ್ರತಿ ನನಗೆ ಬೇಕು."

* * *

ಪಾರ್ಲರಿನ ಬಾಗಿಲು ಅರ್ಧ ಮುಚ್ಚಿತ್ತು. ಗುಬ್ಬಿ ಒಗೆದ ಟವೆಲ್ಲುಗಳನ್ನು ಮಡಿಸುತ್ತಿದ್ದಳು. ಇನ್‌ಸ್ಪೆಕ್ಟರ್ ಈ ಸಲ ಕೂರಲಿಲ್ಲ.

"ಟೀಚರನ್ನ ಆರು ತಿಂಗಳಿಂದ ನೋಡಿಲ್ಲ ಅಂದ್ರಿ."

"ಇಲ್ಲ ಮೇಡಂ."

"ಆಗ ನಾಣ್ಯದಷ್ಟಿತ್ತು. ಆಮೇಲೆ ಅವರು ತಲೆಗೆ ಬಟ್ಟೆ ಕಟ್ಟಿದ್ರು. ಗಂಡ ನೋಡಿಲ್ಲ. ಪಕ್ಕದ ಮನೆಯವರು ನೋಡಿಲ್ಲ. ಅಂಗೈ ಅಗಲ, ಪಿಂಗಾಣಿಯಷ್ಟು ನುಣುಪು, ಒಂದು ತೂತೂ ಇಲ್ಲ. ಇದು ಗೊತ್ತಿದ್ದದ್ದು ಅವರ ಡಾಕ್ಟರಿಗೆ ಮಾತ್ರ. ನಿಮಗೆ ಹೇಗೆ ಗೊತ್ತಾಯ್ತು?"

ಟವೆಲ್ಲು ಹಿಡಿದ ಕೈ ನಿಂತಿತು.

"ಯಾರೋ ಹೇಳಿದ್ರು."

"ತೂತು ಇಲ್ಲ ಅನ್ನೋದನ್ನ ಯಾರೂ ಹೇಳೋಲ್ಲ. ಅದನ್ನ ಹುಡುಕೋ ಕಣ್ಣು ಕೂದಲ ಕೆಲಸ ಮಾಡೋರಿಗೆ ಮಾತ್ರ ಇರುತ್ತೆ. ಹತ್ತಿರ ಬಗ್ಗಿ ನೋಡಿರಬೇಕು." ಇನ್‌ಸ್ಪೆಕ್ಟರ್ ಕಿಸೆಯಿಂದ ಪ್ಲಾಸ್ಟಿಕ್ ಚೀಲ ತೆಗೆದು ಕನ್ನಡಿಯ ಮುಂದಿಟ್ಟರು. ಒಳಗೆ ಮೂರು ಕಪ್ಪು ಪಿನ್ನು. ಕನ್ನಡಿಯ ಕೆಳಗಿನ ಡಬ್ಬಿಯಲ್ಲಿ ಅಂಥವೇ ಹಿಡಿಗಟ್ಟಲೆ ಇದ್ದವು. "ಟೀಚರ್ ಮನೇಲಿ ಒಂದು ಪಿನ್ನೂ ಇಲ್ಲ. ಬಾಚಣಿಗೆ ಇಲ್ಲ. ಅವರು ತಾವಾಗಿ ಬಾಚಿಕೊಳ್ಳೋಕೆ ಸಾಧ್ಯವೇ ಇರ್ಲಿಲ್ಲ, ಅಷ್ಟು ಉರಿ. ಬಿದ್ದ ಮೇಲೆ, ಹಸಿ ರಕ್ತದ ಮೇಲೆ ಯಾರೋ ಬಾಚಿದಾರೆ. ಬಾಚಣಿಗೆ, ಪಿನ್ನು ಚೀಲದಲ್ಲಿಟ್ಟುಕೊಂಡೇ ಓಡಾಡೋರು. ಇಷ್ಟೇ ಇಷ್ಟು ಕೂದಲಲ್ಲಿ ಅಷ್ಟು ದೊಡ್ಡ ಬೋಳನ್ನ ಮುಚ್ಚೋಕೆ ಬರೋರು. ಪಿನ್ನು ಹೊರಗೆ ಕಾಣದ ಹಾಗೆ ತೂರಿಸೋರು. ಅದು ಗಂಡನ ಕೈಯಲ್ಲ."

ಕಾನ್‌ಸ್ಟೇಬಲ್ ಒಳಕೋಣೆಯಿಂದ ಬಂದ. ಅವನ ಕೈಯಲ್ಲಿ ಒಂದು ಹತ್ತಿಯ ಬಟ್ಟೆ ಇತ್ತು. ಒಗೆದು, ಇಸ್ತ್ರಿ ಹಾಕಿದ್ದು. ಅಂಚಿನಲ್ಲಿ ಕಂದು ಕಲೆ ಪೂರ್ತಿ ಹೋಗಿರಲಿಲ್ಲ.

"ಡ್ರಾಯರಿನ ತಳದಲ್ಲಿತ್ತು ಮೇಡಂ."

ಗುಬ್ಬಿ ಗಿರಾಕಿ ಕುರ್ಚಿಯಲ್ಲಿ ಕೂತುಬಿಟ್ಟಳು.

"ಎಸೆಯೋಕೆ ಕೈ ಬರಲಿಲ್ಲ," ಎಂದಳು.

ಅವಳು ಕನ್ನಡಿಯಲ್ಲಿ ತನ್ನನ್ನೇ ನೋಡುತ್ತ ಮಾತಾಡಿದಳು.

"ಬೆಳಿಗ್ಗೆ ಬೀಗ ಹಾಕ್ತಾರೆ ಅಂದ್ರು. ಕೊನೇ ಸಲ ಬೇಡಿಕೊಳ್ಳೋಣ ಅಂತ ನಿನ್ನೆ ಸಂಜೆ ಹೋದೆ. ಅವಳ ಗಂಡನ ಕಣ್ಣಿಗೆ ಬೀಳಬಾರದು ಅಂತ ಹಿಂದಿನ ಮೆಟ್ಟಿಲು ಹತ್ತಿದೆ. ಅವಳೂ ಅಲ್ಲೇ ಇಳೀತಿದ್ಲು. ಲಿಫ್ಟಲ್ಲಿ ಕನ್ನಡಿ ಇದ್ಯಲ್ಲ, ಅದಕ್ಕೆ. ತಿರುವಿನಲ್ಲಿ ಎದುರಾದ್ವಿ. ಅವಳ ಕೈಯಲ್ಲಿ ಕಾಗದ. 'ನಿನ್ನ ಹತ್ರಾನೇ ಹೊರಟಿದ್ದೆ ಕಣೇ ಗುಬ್ಬಿ, ಆಸ್ಪತ್ರೆಯಿಂದ ಹೊಸ ರಿಪೋರ್ಟ್ ಬಂದಿದೆ' ಅಂದ್ಲು. ಹೊಸದು ಅಂದ್ಲು. ಹಳೇದೇ ನನ್ನ ಬೀದಿಗೆ ತಂದಿತ್ತು. ಇನ್ನೂ ಸಾಲದಾ ನಿಂಗೆ ಅಂತ ಕಿತ್ಕೊಳ್ಳೋಕೆ ಹೋದೆ. 'ಮೊದಲು ಕೇಳು' ಅಂತ ಬಿಡ್ಲಿಲ್ಲ. ತೋಳು ಹಿಡಿದು ದೂಡಿದೆ."

"ಆಮೇಲೆ?"

"ಬಟ್ಟೆ ಬಿಚ್ಚಿಹೋಗಿತ್ತು. ಆ ತಲೆ ನೋಡಿದೆ. ಆರು ತಿಂಗಳಿಂದ ನಾನಲ್ಲ, ನಾನಲ್ಲ ಅಂತ ಬಡ್ಕೊಂಡಿದ್ದೆ. ಆ ತಲೆ ಕಂಡ ಮೇಲೆ ನಾನೇ ಮಾಡಿದ್ದು ಅನಿಸಿಬಿಡ್ತು. ಹಾಗೆ ಬಿಟ್ಟು ಬರೋಕೆ ಆಗ್ಲಿಲ್ಲ. ಬೆಳಿಗ್ಗೆ ನಾಲ್ಕು ಜನ ನಿಂತು ನೋಡ್ತಾರಲ್ಲ ಮೇಡಂ. ಬಟ್ಟೇಲಿ ರಕ್ತ ಒರೆಸಿದೆ. ಬಾಚಿದೆ."

"ಆಗ ಉಸಿರಿತ್ತು."

"ಇತ್ತು."

"ನಿಮಗೆ ಗೊತ್ತಿತ್ತು."

"ಬಾಚಣಿಗೆ ತಾಕಿದಾಗಲೆಲ್ಲ ಹುಬ್ಬು ಗಂಟಿಕ್ಕುತ್ತಿದ್ಲು."

ಕಾನ್‌ಸ್ಟೇಬಲ್ ಬಾಗಿಲ ಕಡೆ ಮುಖ ತಿರುಗಿಸಿದ.

"ಒಂದು ಕೂಗು ಹಾಕಿದ್ರೆ ನಾಲ್ಕು ಮಹಡಿ ಜನ ಇಳಿದು ಬರ್ತಿದ್ರು," ಎಂದರು ಇನ್‌ಸ್ಪೆಕ್ಟರ್.

"ಬದುಕಿದ್ರೆ ನಾನು ತಳ್ಳಿದ್ದು ಹೇಳ್ತಿದ್ಲು. ಮೊದಲೇ ತಲೆ ಸುಟ್ಟವಳು ನಾನು. ಇನ್ನು ಜೈಲು. ಅಮ್ಮನಿಗೆ ಯಾರು?" ಗುಬ್ಬಿ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದಳು. "ಉಸಿರು ನಿಲ್ಲೋವರೆಗೂ ಪಕ್ಕದಲ್ಲೇ ಕೂತಿದ್ದೆ."

"ಕಾಗದ?"

"ಮನೆಗೆ ಬಂದು ಒಲೆಗೆ ಹಾಕಿದೆ."

"ಓದಿದ್ರಾ?"

"ಇಲ್ಲ. ಅದರಲ್ಲಿ ಏನಿರುತ್ತೆ ಅಂತ ಗೊತ್ತಿತ್ತಲ್ಲ."

* * *

ಸಂಜೆಯೊಳಗೆ ಹೇಳಿಕೆ ಬರೆದುಕೊಂಡದ್ದು ಮುಗಿಯಿತು. ಗುಬ್ಬಿಯ ತಾಯಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯವರೊಬ್ಬರು ಒಪ್ಪಿದ್ದರು. ಅದನ್ನು ಕೇಳಿ ಅವಳು ಸಹಿ ಹಾಕಿದಳು.

ಇನ್‌ಸ್ಪೆಕ್ಟರ್ ಮೇಜಿನಾಚೆ ಕೂತಿದ್ದರು. ಕಡತದೊಳಗೆ ಆಸ್ಪತ್ರೆಯ ವರದಿ ಇತ್ತು. ತೋರಿಸಬೇಕೆಂಬ ಕಾನೂನೇನೂ ಇರಲಿಲ್ಲ. ನ್ಯಾಯಾಲಯದಲ್ಲಿ ಹೇಗೂ ಯಾರಾದರೂ ಓದುತ್ತಾರೆ, ಕರಿಕೋಟಿನವರ ನಡುವೆ, ಅವಳಿಗೆ ತಿಳಿಯದ ಭಾಷೆಯಲ್ಲಿ. ಅದಕ್ಕಿಂತ ಇಲ್ಲೇ ಆಗಲಿ ಎನ್ನಿಸಿತು.

"ಟೀಚರ್ ಕೈಯಲ್ಲಿದ್ದ ಕಾಗದದ ಇನ್ನೊಂದು ಪ್ರತಿ ಇದು," ಎಂದರು. "ಓದಲಾ?"

ಗುಬ್ಬಿ ಹೂಂ ಎಂಬಂತೆ ತಲೆಯಾಡಿಸಿದಳು.

ಇನ್‌ಸ್ಪೆಕ್ಟರ್ ತಿಳಿಯುವ ಮಾತಿನಲ್ಲಿ, ನಿಧಾನವಾಗಿ ಹೇಳಿದರು. ಇದು ಕಲೆ ಉಳಿಸುವ ಕೂದಲ ರೋಗ. ದೇಹ ತಾನಾಗಿ ಕೂದಲಿನ ಬುಡವನ್ನು ಕೊಲ್ಲುತ್ತದೆ. ಸುಟ್ಟ ಗಾಯದ ಯಾವ ಗುರುತೂ ಇಲ್ಲ. ಹೊರಗಿನ ರಾಸಾಯನಿಕ ಇದಕ್ಕೆ ಕಾರಣವಲ್ಲ. ಹಿಂದೆ ದಾಖಲಾದದ್ದು ತಪ್ಪು, ಅದನ್ನು ರದ್ದು ಮಾಡಿದೆ.

"ಅವಳು ನಿಮ್ಮ ಹತ್ರ ಕ್ಷಮೆ ಕೇಳೋಕೆ ಇಳಿದು ಬರ್ತಿದ್ಲು," ಎಂದು ಸೇರಿಸಿದರು. "ಡಾಕ್ಟರಿಗೆ ಹಾಗೆ ಹೇಳಿ ಹೊರಟಿದ್ಲು."

ಗುಬ್ಬಿ ಅಳಲಿಲ್ಲ. ಹೊರಗೆ ಯಾರೋ ಬೆಂಚು ಎಳೆದರು. ಕಾನ್‌ಸ್ಟೇಬಲ್ ನೀರಿನ ಲೋಟ ತಂದು ಮೇಜಿನ ಮೇಲಿಟ್ಟ. ಅವಳು ಅದನ್ನು ನೋಡಲೂ ಇಲ್ಲ.

"ಮೇಡಂ," ಎಂದಳು. "ಇನ್ನೊಂದು ಸಲ ಓದಿ."

ಇನ್‌ಸ್ಪೆಕ್ಟರ್ ಕಾಗದವನ್ನು ಬೆಳಕಿಗೆ ಹಿಡಿದು ಮೊದಲಿನಿಂದ ಓದತೊಡಗಿದರು.